ಚಿಕ್ಕ ಪರದೆಯಲ್ಲಿ ನಿಚ್ಚಿ

ಅವ್ವ ಹಾಕಿದ ಕರಾರು ಒಂದೇ. ಮಗು ತನ್ನ ಬಾಯಿಂದ ತಾನೇ "ಬರ್ತೀನಿ" ಅನ್ನಬೇಕು.

"ಹೆತ್ತೋಳು ನೀನು. ಬ್ಯಾಡ ಅನ್ನಕ್ಕೆ ನಾನ್ಯಾರು?" ಎಂದಿದ್ದಳು, ಕೀರೆಸೊಪ್ಪು ಬಿಡಿಸುತ್ತಾ, ನನ್ನ ಮುಖ ನೋಡದೆ. "ಆದ್ರೆ ಅಳಿಸಿ, ರಟ್ಟೆ ಹಿಡಿದು ಎಳ್ಕೊಂಡೋಗಿ ಬಸ್ ಹತ್ಸೋ ಅಂಗಿಲ್ಲ. ಅದ್ನ ನೋಡೋಕೆ ನನ್ ಕೈಲಿ ಆಗಲ್ಲ ಕಣವ್ವ."

ಎರಡು ಸಾವಿರದ ಐದನೇ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಮಾತು. ಜೂನ್‌ಗೆ ನನ್ನ ಮಗಳು ನಿಶ್ಚಿತಾಳಿಗೆ, ನಮ್ಮ ನಿಚ್ಚಿಗೆ, ಒಂದನೇ ಕ್ಲಾಸು. ಸಿಟಿಯಲ್ಲಿ, ಕುಂಬಾರಕೊಪ್ಪಲಿನ ನಮ್ಮ ಬಾಡಿಗೆ ಮನೆಯ ಹಿಂದಿನ ಬೀದಿಯಲ್ಲೇ ಒಂದು ಶಾಲೆ. ಹೋಗಿ ವಿಚಾರಿಸಿದ್ದೆ. ಸೀಟಿದೆ, ಮೇ ಮುಗಿಯುವುದರೊಳಗೆ ಕರೆತನ್ನಿ ಅಂದಿದ್ದರು. ಶಾಲೆಯ ಗೇಟಿನಿಂದ ನಮ್ಮ ಮನೆಯ ಬಾಗಿಲಿನವರೆಗೆ ಮಗುವೊಂದು ನಡೆದರೆ ಎಷ್ಟು ಹೊತ್ತು ಹಿಡಿಯಬಹುದು ಎಂದು ನಾನೇ ಚಿಕ್ಕ ಚಿಕ್ಕ ಹೆಜ್ಜೆ ಹಾಕಿ ನೋಡಿಕೊಂಡು ಬಂದಿದ್ದೆ.

ನನ್ನ ಗಂಡ ಅಮರೇಶ್ ಮೂರು ಪಾಳಿಯ ಕಾರ್ಖಾನೆಯಲ್ಲಿದ್ದರು. ನನಗೆ ಕೆಲಸ ಸಿಕ್ಕಾಗ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಸ್ವಲ್ಪ ದಿನದ ಮಟ್ಟಿಗೆ ಅಂತ ನನ್ನ ತವರು ಇಲವಾಲದಲ್ಲಿ ಅವ್ವನ ಹತ್ತಿರ ಬಿಟ್ಟೆವು. ಆ ಸ್ವಲ್ಪ ದಿನ ಐದು ವರ್ಷ ಆಗಿತ್ತು. ವಾರಕ್ಕೊಂದು ಭಾನುವಾರ ನನ್ನದು. ಉಳಿದ ದಿನ ಅವ್ವನ ಮನೆ ಪಕ್ಕದ ಹುಚ್ಚಯ್ಯನ ಅಂಗಡಿಗೆ ಫೋನ್ ಮಾಡಿದರೆ ಅವನು ಕೂಗಿ ಕರೆಯುತ್ತಿದ್ದ. ನಿಚ್ಚಿ ಏದುಸಿರು ಬಿಡುತ್ತಾ ಬಂದು "ಏನು?" ಎನ್ನುತ್ತಿದ್ದಳು. ಊಟ ಆಯ್ತಾ ಅಂದರೆ ಹ್ಞೂಂ, ನಿದ್ದೆ ಮಾಡಿದ್ಯಾ ಅಂದರೆ ಹ್ಞೂಂ. ಆಮೇಲೆ ಫೋನಿನಲ್ಲಿ ಬರೀ ಹುಚ್ಚಯ್ಯನ ಅಂಗಡಿಯ ಸದ್ದು, ಅವಳು ಓಡಿಹೋಗಿರುತ್ತಿದ್ದಳು. ಆ ಸದ್ದನ್ನೂ ನಾನು ಸ್ವಲ್ಪ ಹೊತ್ತು ಕೇಳಿ ಆಮೇಲೆ ಇಡುತ್ತಿದ್ದೆ.

ನಮ್ಮ ಕಂಪನಿ ಕುವೆಂಪುನಗರದಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿತ್ತು. ಮೊಬೈಲ್ ಫೋನಿಗೆ ಚಿಕ್ಕ ಚಿಕ್ಕ ಆಟಗಳನ್ನು ಮಾಡಿಕೊಡುತ್ತಿದ್ದೆವು. ಚಿತ್ರ ಬರೆಯುವುದೂ, ಆ ಚಿತ್ರ ಪರದೆಯ ಮೇಲೆ ಓಡಾಡುವಂತೆ ಪ್ರೋಗ್ರಾಂ ಬರೆಯುವುದೂ ನನ್ನ ಪಾಲು. ಯಜಮಾನರು ಬಿಂದುಮಾಧವ ಅಂತ, ಮೊದಲು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ಆ ಸಲ ಬೆಂಗಳೂರಿನಿಂದ ಆಟ ಕೊಂಡುಕೊಳ್ಳುವವರು "ಹಳ್ಳಿಯ ಥರ ಏನಾದರೂ ಇರಲಿ" ಎಂದಿದ್ದರು. ನಾನು ಅವ್ವನ ಹಿತ್ತಲನ್ನು ಬರೆದುಬಿಟ್ಟೆ. ಸೀಬೆಮರ. ಮರದ ಮೇಲೊಂದು ಕೋತಿ, ಕಾಯಿ ಕಿತ್ತು ಕಿತ್ತು ಎಸೆಯುತ್ತದೆ. ಕೆಳಗೊಂದು ಹುಡುಗಿ ಆ ಕಡೆ ಈ ಕಡೆ ಓಡಿ ಲಂಗದ ಮಡಿಲಲ್ಲಿ ಹಿಡಿಯುತ್ತಾಳೆ. ಮೂರು ಕಾಯಿ ನೆಲಕ್ಕೆ ಬಿದ್ದರೆ ಮೂಲೆಯಲ್ಲಿ ನಿಂತ ಅಜ್ಜಿ ಕೈ ಎತ್ತುತ್ತಾಳೆ, ಆಟ ಮುಗಿಯಿತು.

ಹುಡುಗಿ ಯಾರು ಅಂತ ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ದೀಪಾವಳಿಯಲ್ಲಿ ತೆಗೆಸಿದ ಫೋಟೋ ಪಕ್ಕದಲ್ಲಿಟ್ಟುಕೊಂಡು ಬರೆದಿದ್ದೆ. ಎರಡು ಜಡೆ, ಕೆಂಪು ಟೇಪು, ಕಾಲ್ಗೆಜ್ಜೆ, ತುಟಿ ತುಂಬಾ ನಗು. ಅಜ್ಜಿಯ ಹಣೆಗೆ ಮೂರು ಗೆರೆ ವಿಭೂತಿ. ಆಫೀಸಿನ ದೊಡ್ಡ ಫೋನಿನಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಬರೀ ಪರೀಕ್ಷೆ ಮಾಡುವ ನೆಪದಲ್ಲಿ ನಾನು ಅವಳನ್ನು ಎಷ್ಟೋ ಸಲ ಓಡಿಸುತ್ತಿದ್ದೆ.

ಇದನ್ನು ನಿಚ್ಚಿಗೆ ತೋರಿಸಬೇಕು. ಅಮ್ಮ ವಾರವೆಲ್ಲಾ ಏನು ಮಾಡುತ್ತಾಳೆ ಅಂತ ಅವಳಿಗೆ ಗೊತ್ತಾಗಬೇಕು. ತನ್ನನ್ನೇ ಫೋನಿನೊಳಗೆ ಕಂಡು ಕುಣಿದಾಡಬೇಕು, ಇನ್ನೂ ಏನೇನಿದೆ ನಿನ್ನ ಹತ್ರ ಅಂತ ಕೇಳಬೇಕು, ಬರ್ತೀನಿ ಅನ್ನಬೇಕು. ಇಷ್ಟು ನನ್ನ ಲೆಕ್ಕಾಚಾರ.

ಮನೆಗೆ ಒಯ್ಯಲು ಬಿಂದುಮಾಧವ ಅವರು ಕೊಟ್ಟದ್ದು ಆಫೀಸಿನ ಎಲ್ಲಕ್ಕಿಂತ ಚಿಕ್ಕ ಫೋನು. ಇಲ್ಲಿ ಒಂದು ಮಾತು ಹೇಳಬೇಕು. ಪರದೆಯ ಮೇಲಿನ ಚಿತ್ರವೆಲ್ಲಾ ಸಣ್ಣ ಸಣ್ಣ ಚೌಕದ ಚುಕ್ಕೆಗಳು. ದೊಡ್ಡ ಫೋನಿನಲ್ಲಿ ಹನ್ನೊಂದು ಚುಕ್ಕೆ ಇರುವ ಕಡೆ ಈ ಚಿಕ್ಕ ಫೋನಿನಲ್ಲಿ ಎಂಟೇ. ಆಟದ ಒಟ್ಟು ತೂಕ ಅರವತ್ತನಾಲ್ಕು ಕೆಬಿ ಮೀರುವ ಹಾಗಿರಲಿಲ್ಲ, ಹಾಗಾಗಿ ಒಂದೊಂದು ಫೋನಿಗೂ ಬೇರೆ ಬೇರೆ ಚಿತ್ರ ತುಂಬಲು ಜಾಗವಿಲ್ಲ. ದೊಡ್ಡ ಚಿತ್ರಗಳನ್ನೇ ಇಟ್ಟು, ಚಿಕ್ಕ ಫೋನು ಸಿಕ್ಕಾಗ ಪ್ರೋಗ್ರಾಂ ಅವನ್ನು ತಾನೇ ಕುಗ್ಗಿಸಿಕೊಳ್ಳಲಿ ಎಂದು ಬರೆದಿದ್ದೆ. ಆ ಕುಗ್ಗಿಸಿದ ಚಿತ್ರವನ್ನು ಶನಿವಾರದ ಗಡಿಬಿಡಿಯಲ್ಲಿ ಸರಿಯಾಗಿ ನೋಡಿರಲಿಲ್ಲ.

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಫೋನನ್ನು ನಿಚ್ಚಿಯ ಕೈಗೆ ಕೊಟ್ಟೆ.

"ಇದ್ಯಾರು ಹೇಳು?"

ಅವಳು ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದಳು. "ಇರುವೆ."

"ಇರುವೆ ಅಲ್ವೇ. ನೋಡು, ಜಡೆ ಇದೆ, ಲಂಗ ಇದೆ. ನೀನೇ ಕಣೇ ಇದು."

"ನಾನಲ್ಲ. ಗುಲಾಬಿ ಬಣ್ಣ ಯಾಕೆ ಮೆತ್ಕೊಂಡವ್ಳೆ?" ಗುಂಡಿ ಒತ್ತಿದಳು. ಚಿತ್ರ ಓಡಿತು. ಹೆಜ್ಜೆ ಬದಲಾದಾಗಲೆಲ್ಲ ಬೆನ್ನ ಹಿಂದೆ ಏನೋ ಒಂದು ತುಂಡು ಮೂಡಿ ಮಾಯವಾಗುತ್ತಿತ್ತು. ನಿಚ್ಚಿ ಕಿರುಚಿದಳು, "ಅವ್ವಾ, ಬಾ ಇಲ್ಲಿ! ಬಾಲ ಐತೆ! ಇದ್ರಲ್ಲಿ ಎರಡು ಕೋತಿ ಅವೆ!"

ಅವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಬಗ್ಗಿದಳು. "ಈ ಮೂಲೇಲಿ ನಿಂತಿರೋಳು ಯಾರು?"

"ನೀನೇ ಅವ್ವ."

"ನಾನಾ? ಅಣೆಗೆ ಅದೇನು ಬಟ್ಟೆ ಕಟ್ಕೊಂಡಿರೋದು, ತಲೆನೋವಾ?"

ನೋಡಿದೆ. ಮೂರು ಗೆರೆ ವಿಭೂತಿಯಲ್ಲಿ ಒಂದು ಕಾಣೆಯಾಗಿ ಉಳಿದೆರಡು ಕೂಡಿಕೊಂಡು ಒಂದೇ ದಪ್ಪ ಬಿಳಿ ಪಟ್ಟಿಯಾಗಿತ್ತು. ಅವ್ವ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಿಚ್ಚಿಯೂ ಬಿದ್ದು ಬಿದ್ದು ನಕ್ಕಳು. ಹಾಗೆ ನಕ್ಕಾಗ ಅವಳ ಬಾಯಿ ಕಂಡಿತು. ಮುಂದಿನ ಹಲ್ಲು ಒಂದಿರಲಿಲ್ಲ.

"ಯಾವಾಗ ಬಿತ್ತೇ?"

"ಆವತ್ತೇ. ಸಗಣೀಲಿ ಇಟ್ಟು ಹೆಂಚಿನ ಮೇಲಕ್ಕೆ ಎಸೆದ್ವಿ. ಒಂದೇ ಏಟಿಗೆ ಹೋಗಿ ಕೂತ್ಕೊಂತು."

"ನಾನು ಫೋನ್ ಮಾಡಿದಾಗ ಹೇಳ್ಲೇ ಇಲ್ವಲ್ಲ?"

"ಮರ್ತೋಯ್ತು," ಎಂದಳು, ಏನೂ ತಪ್ಪಿಲ್ಲದ ಮುಖದಲ್ಲಿ. ನಿಜಕ್ಕೂ ತಪ್ಪೇನಿತ್ತು?

ಸಂಜೆ ಹೊರಡುವ ಮುಂಚೆ ಆದರೂ ಕೇಳಿದೆ. "ಶಾಲೆ ಶುರುವಾದಾಗ ನಮ್ಮನೆಗೆ ಬರ್ತೀಯಾ ಚಿನ್ನ?"

"ಅಲ್ಲಿ ಸೀಬೆಮರ ಐತಾ?"

"ಇಲ್ಲ."

"ಮತ್ತೆ?" ಎಂದು ನನ್ನನ್ನೇ ಕೇಳಿದಳು.

ಸೋಮವಾರ ಹೋಗಿ ಕೂತೆ. ಬಾಲದ ಕಾರಣ ಸಿಕ್ಕಿತು. ಓಡುವ ಹೆಜ್ಜೆಯ ಚಿತ್ರಗಳನ್ನೆಲ್ಲ ಪಕ್ಕಪಕ್ಕಕ್ಕೆ ಒಂದೇ ಪಟ್ಟಿಯಲ್ಲಿ ಬರೆದಿಟ್ಟಿದ್ದೆ. ಇಡೀ ಪಟ್ಟಿಯನ್ನು ಒಮ್ಮೆಗೇ ಕುಗ್ಗಿಸಿದ್ದರಿಂದ ಒಂದೊಂದು ಚಿತ್ರದ ಅಂಚೂ ಅರ್ಧ ಚುಕ್ಕೆ ಜರುಗಿ, ಪಕ್ಕದ ಹೆಜ್ಜೆಯ ಕೈ ಇದರ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಮೊದಲು ಬಿಡಿಬಿಡಿಯಾಗಿ ಕತ್ತರಿಸಿ ಆಮೇಲೆ ಕುಗ್ಗಿಸಿದೆ, ಬಾಲ ಹೋಯಿತು. ಗುಲಾಬಿ ಬಣ್ಣ, ಚಿತ್ರದ ಸುತ್ತಲಿನ ಖಾಲಿ ಜಾಗಕ್ಕೆ ನಾವು ಗುರುತಿಗೆಂದು ತುಂಬುವ ಬಣ್ಣ. ಅಕ್ಕಪಕ್ಕದ ಚುಕ್ಕೆಗಳನ್ನು ಬೆರೆಸಿ ಕುಗ್ಗಿಸುವಾಗ ಅದೂ ಬೆರೆತು ಮೈಗೆ ಮೆತ್ತಿಕೊಂಡಿತ್ತು. ಅದನ್ನು ಬೆರಕೆಗೆ ಸೇರಿಸದಂತೆ ತಡೆದೆ, ಅದೂ ಹೋಯಿತು.

ಮುಖ ಮಾತ್ರ ಬರಲಿಲ್ಲ. ನಡುನಡುವಿನ ಚುಕ್ಕೆಗಳನ್ನು ಬಿಟ್ಟು ಕುಗ್ಗಿಸಿದರೆ ಒಂದು ಹೆಜ್ಜೆಯಲ್ಲಿ ಕಣ್ಣು ಇರುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಓಡುತ್ತಾ ಓಡುತ್ತಾ ಹುಡುಗಿ ಕಣ್ಣು ಹೊಡೆದಂತೆ. ಬೆರೆಸಿ ಕುಗ್ಗಿಸಿದರೆ ಕಣ್ಣು, ನಗು, ಜಡೆ ಎಲ್ಲ ಕಲಸಿ, ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದ ಹಾಗೆ. ವಾರವೆಲ್ಲಾ ಈ ಎರಡರ ನಡುವೆ ತಿಣುಕಾಡಿದೆ.

ಬಿಂದುಮಾಧವ ಅವರು ಬಂದು ಹಿಂದೆ ನಿಂತರು. "ಇನ್ನೂ ಅದೇ ಹುಡುಗಿನಾ? ಓಡ್ತಾಳಲ್ಲ ಶಿವಾನಿ ಅವರೇ, ಹಿಡೀತಾಳಲ್ಲ, ಇನ್ನೇನು?"

"ಯಾರು ಅಂತ ಗೊತ್ತಾಗಲ್ಲ ಸರ್."

"ಯಾರು ಅಂತ ಯಾರಿಗೆ ಗೊತ್ತಾಗಬೇಕು? ಆಡೋರಿಗೆ ಅವಳ ಕುಲಗೋತ್ರ ಬೇಕಾ?"

ನಾನು ಫೋನನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಣೆಗೇರಿಸಿ, ಕೈ ದೂರ ಚಾಚಿ, ಆಮೇಲೆ ಹತ್ತಿರ ತಂದು ನೋಡಿದರು. "ಇದು... ಹುಡುಗಿ ತಾನೇ?"

"ಅದೇ ಸರ್ ನಾನು ಹೇಳಿದ್ದು."

"ಹ್ಞಂ." ಕನ್ನಡಕ ಇಳಿಯಿತು. "ಏನು ಮಾಡ್ಬೇಕು ಅಂತೀರಿ?"

"ಪ್ರೋಗ್ರಾಮಲ್ಲಿ ತಪ್ಪು ಇನ್ನೇನೂ ಇಲ್ಲ ಸರ್. ಹನ್ನೊಂದಕ್ಕೆ ಎಂಟರ ಲೆಕ್ಕದಲ್ಲಿ ಕುಗ್ಗಿಸಿದ್ರೆ ಮುಖ ಉಳಿಯಲ್ಲ, ಅಷ್ಟೆ. ಚಿಕ್ಕ ಫೋನಿಗೆ ಅಂತಲೇ ಹೊಸದಾಗಿ ಕೈಯಲ್ಲಿ ಬರೀಬೇಕು. ಆಟವನ್ನೂ ಅದಕ್ಕೆ ಬೇರೆಯಾಗಿ ಕಟ್ಟೋಣ. ಕುಗ್ಗಿಸೋ ಪ್ರೋಗ್ರಾಮೇ ಬೇಡ ಅಂದ್ಮೇಲೆ ಜಾಗವೂ ಉಳಿಯುತ್ತೆ."

"ಒಂದೊಂದು ಫೋನಿಗೂ ಒಂದೊಂದು ಸಲ ಕೂತು ಬರೆಯೋದಾದರೆ ಕಂಪ್ಯೂಟರ್ ಯಾಕ್ರೀ, ಗೋಡೆ ಮೇಲೆ ಇದ್ದಲಲ್ಲಿ ಬರ್ಕೊಂಡಿದ್ದರೆ ಆಗ್ತಿತ್ತಲ್ಲ!" ಗೊಣಗಿದರು. ಆದರೆ ಹೋಗುವಾಗ, "ಎರಡು ವಾರ. ಅದಕ್ಕಿಂತ ಒಂದು ದಿನವೂ ಇಲ್ಲ," ಎಂದರು.

ಗ್ರಾಫ್ ಹಾಳೆ ತಂದು, ಪೆನ್ಸಿಲಿನಲ್ಲಿ ಒಂದೊಂದು ಚೌಕ ತುಂಬುತ್ತಾ ಕೂತೆ. ಅಡ್ಡ ಹದಿನೈದು ಚೌಕ ಇಡೀ ಹುಡುಗಿಗೆ. ಅದರಲ್ಲಿ ಮುಖಕ್ಕೆ ಐದು. ಕಣ್ಣಿಗೆ ಒಂದು. ಟೇಪು ಇಟ್ಟರೆ ಕಿವಿ ಇಲ್ಲ, ಕಿವಿ ಇಟ್ಟರೆ ಟೇಪು ಇಲ್ಲ. ಫೋಟೋ ನೋಡಿ ನೋಡಿ ಹಾಕಿದೆ, ಅಳಿಸಿದೆ. ಯಾವುದೋ ಹುಡುಗಿ ಬರುತ್ತಿದ್ದಳು. ಲಂಗ ಹಾಕಿದ ಊರ ಹುಡುಗಿಯರಲ್ಲಿ ಯಾರೋ ಒಬ್ಬಳು. ಇಷ್ಟು ಕಡಿಮೆ ಜಾಗದಲ್ಲಿ ನನ್ನ ಮಗಳನ್ನು ನನ್ನ ಮಗಳನ್ನಾಗಿ ಮಾಡುವುದು ಯಾವುದು? ಅವಳಿಂದ ಏನನ್ನು ತೆಗೆದರೂ ನಡೆಯುತ್ತದೆ, ಏನನ್ನು ತೆಗೆದರೆ ನಡೆಯುವುದಿಲ್ಲ? ಅಮರೇಶ್ ಅವರನ್ನು ಕೇಳಿದರೆ, ರಾತ್ರಿಪಾಳಿ ಮುಗಿಸಿ ಬಂದವರು ಕಣ್ಣುಜ್ಜಿಕೊಳ್ಳುತ್ತಾ, "ಹಠ," ಎಂದರು. "ಅದು ಚೌಕದಲ್ಲಿ ಹೆಂಗೆ ಬರುತ್ತೋ ನೋಡು."

ಭಾನುವಾರ ಹಾಳೆ ಪೆನ್ಸಿಲು ಹಿಡಿದುಕೊಂಡೇ ಇಲವಾಲಕ್ಕೆ ಹೋದೆ.

ಸಾಮಾನ್ಯವಾಗಿ ಬಸ್ಸಿಳಿದ ಕೂಡಲೇ ನನ್ನ ಕೆಲಸ ಶುರುವಾಗುತ್ತಿತ್ತು. ನಿಚ್ಚಿಗೆ ಎಣ್ಣೆನೀರು, ಉಗುರು ಕತ್ತರಿಸುವುದು, ಕಿತ್ತುಹೋದ ಗುಂಡಿ ಹಾಕುವುದು, ಅವಳಿಗಿಷ್ಟ ಅಂತ ನಾನು ಅಂದುಕೊಂಡ ಶ್ಯಾವಿಗೆ ಪಾಯಸ. ವಾರದ ಅಮ್ಮತನವನ್ನೆಲ್ಲ ಒಂದೇ ದಿನಕ್ಕೆ ತುರುಕಿ, ಸಂಜೆ ಸುಸ್ತಾಗಿ ಬಸ್ ಹತ್ತುತ್ತಿದ್ದೆ. ಆ ದಿನ ಏನೂ ಮಾಡದೆ ಹೋಗಿ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತೆ.

"ಏನವ್ವ, ಇವತ್ತು ಮಗೀಗೆ ನೀರಾಕಲ್ವಾ? ಮೈ ಸರಿಯಿಲ್ವಾ?" ಎಂದಳು ಅವ್ವ.

"ಇಲ್ಲ, ನೋಡ್ತೀನಿ ಸ್ವಲ್ಪ ಹೊತ್ತು. ಅವಳು ಆಡ್ಲಿ."

"ನೋಡು ನೋಡು. ನೋಡಕ್ಕೇನು ಕಾಸು ಕೊಡಬೇಕಾ?"

ಅವ್ವ ದೋಟಿ ಹಿಡಿದು ಸೀಬೆಕಾಯಿ ಉದುರಿಸಿದಳು. ನಿಚ್ಚಿ ಕೆಳಗೆ ಲಂಗ ಹರಡಿಕೊಂಡು ಓಡಿದಳು. ನಾನು ಬರೀ ನೋಡಿದೆ. ಮೊದಮೊದಲು ಕಂಡದ್ದು ಎಲ್ಲ ಮಕ್ಕಳ ಓಟವೇ. ಹಾಳೆಯಲ್ಲಿ ಕಾಲು ಹಾಕಿದೆ, ಲಂಗ ಹಾಕಿದೆ. ಮುಖದ ಜಾಗಕ್ಕೆ ಬಂದಾಗ ಕೈ ನಿಂತಿತು. ಮುಖ ನಾನು ಇಟ್ಟ ಕಡೆ ಇರಲಿಲ್ಲ. ಇನ್ನೊಮ್ಮೆ ನೋಡಿದೆ. ಕಾಯಿ ಬೀಳುವ ಕಡೆಗೆ ಕಾಲು ಓಡುತ್ತಿತ್ತು. ಕತ್ತು ಹಿಂದಕ್ಕೆ ತಿರುಗಿತ್ತು. ಇನ್ನೊಂದು ಕಾಯಿ, ಮತ್ತೆ ಹಾಗೇ. ಅವಳು ಒಂದು ಸಲವೂ ಕಾಯಿ ನೋಡುತ್ತಾ ಓಡಲಿಲ್ಲ. ಅವ್ವ ತನ್ನನ್ನು ನೋಡುತ್ತಿದ್ದಾಳಾ ಅಂತ ನೋಡುತ್ತಲೇ ಓಡಿ, ಕೊನೇ ಗಳಿಗೆಯಲ್ಲಿ ತಿರುಗಿ, ಹೇಗೋ ಹಿಡಿದುಬಿಡುತ್ತಿದ್ದಳು.

"ಅವ್ವ, ಇವಳು ಯಾವಾಗಲೂ ಹಿಂಗೇನಾ ಓಡೋದು?"

"ಹೆಂಗೆ?"

"ಹಿಂದೆ ನೋಡ್ಕೊಂಡು."

"ನಡೆಯೋಕೆ ಕಲಿತಾಗ್ಲಿಂದ ಅಂಗೇಯ. ಎಷ್ಟು ಸಲ ಕಂಬಕ್ಕೆ ಗುದ್ಕೊಂಡವ್ಳೆ! ನಿಂಗೆ ಗೊತ್ತಿಲ್ವಾ?"

ನಾನು ತಲೆ ಬಗ್ಗಿಸಿ ಚೌಕ ತುಂಬಿದೆ. ಕಾಲು ಮುಂದಕ್ಕೆ, ಲಂಗ ಹರಡಿ, ಮುಂದಿನ ಕಡೆ ಕಪ್ಪು ಕೂದಲು, ಹಿಂದಿನ ಕಡೆ ಮುಖ. ಕಣ್ಣಿಲ್ಲ, ಟೇಪಿಲ್ಲ, ಗೆಜ್ಜೆಯಿಲ್ಲ. ಪೆನ್ಸಿಲ್ ಎತ್ತುವ ಮೊದಲೇ ನಿಚ್ಚಿ ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಗಲ್ಲ ಊರಿದಳು. ಸೀಬೆಕಾಯಿಯ ವಾಸನೆ, ಬೆವರಿನ ವಾಸನೆ.

"ನಾನು!" ಎಂದಳು. "ಇದು ನಾನು!"

"ಹೌದೇ, ನೀನೇ."

"ಹಲ್ಲು ಬಿದ್ದಿರೋದು ಎಲ್ಲಿ?"

"ಬಾಯಿಗೇ ಜಾಗ ಸಾಲ್ಲಿಲ್ಲ ಕಣಮ್ಮ."

"ಓಗ್ಲಿ ಬುಡು. ಮುಚ್ಕೊಂಡಿರ್ಲಿ." ಹಾಳೆ ಕಿತ್ತುಕೊಂಡು, ಆಟದಲ್ಲಿ ಕಂಡಂತೆ ಖಾಲಿ ಜಾಗಗಳಿಗೆ ಬೆರಳಿಡುತ್ತಾ ಹೋದಳು. "ಇಲ್ಲಿ ಅವ್ವ. ಮರದ ಮೇಲೆ ಕೋತಿ. ನೀನೆಲ್ಲಿ?"

"ನಾನು ಇದ್ರಲ್ಲಿ ಇಲ್ಲ."

"ಯಾಕೆ?"

"ಜಾಗ ಇಲ್ಲ. ಪರದೆ ಚಿಕ್ಕದಲ್ವಾ?"

"ನಿನ್ನ ಚಿಕ್ಕದು ಮಾಡಿ ಹಾಕು."

"ಇನ್ನೂ ಚಿಕ್ಕದು ಮಾಡಿದ್ರೆ ಕಾಣೋದೇ ಇಲ್ಲ ಕಂದ."

ಅವಳು ಅದನ್ನು ಒಪ್ಪಿಕೊಂಡು, ಹಾಳೆ ವಾಪಸ್ಸು ಕೊಟ್ಟು, ಕಾಯಿ ಕಚ್ಚುತ್ತಾ ಹೊರಟುಹೋದಳು. ನಾನು ಹಾಳೆ ಹಿಡಿದುಕೊಂಡು ಆ ಕಲ್ಲಿನ ಮೇಲೇ ಕೂತಿದ್ದೆ. ಅವ್ವ ಊಟಕ್ಕೆ ಕರೆದಾಗ ಬಿಸಿಲು ಕಾಲ ಮೇಲಕ್ಕೆ ಬಂದಿತ್ತು.

ಉಳಿದ ಚಿತ್ರಗಳನ್ನೂ ಹೀಗೇ ಬರೆದೆ. ಅವ್ವನ ಹಣೆಗೆ ಮೂರು ಗೆರೆ ಕೂರಿಸಲು ಮುಖವನ್ನು ಸ್ವಲ್ಪ ದೊಡ್ಡದು ಮಾಡಿ, ಮೂಗು ತೆಗೆದುಬಿಟ್ಟೆ. ಯಾರೂ ಮೂಗು ಕೇಳಲಿಲ್ಲ. ಬಿಂದುಮಾಧವ ಅವರು ಚಿಕ್ಕ ಫೋನಿನಲ್ಲಿ ಎರಡು ಆಟ ಆಡಿ, ಎರಡರಲ್ಲೂ ಸೋತರು.

"ಅಲ್ರೀ, ಈ ಹುಡುಗಿ ಹಿಂದಕ್ಕೆ ನೋಡ್ಕೊಂಡು ಓಡ್ತಾಳಲ್ಲ, ಹಣ್ಣು ಹೆಂಗೆ ಹಿಡೀತಾಳೆ?"

"ಹಿಡೀತಾಳೆ ಸರ್. ದಿನಾ ಹಿಡೀತಾಳೆ."

ಅವರು ನನ್ನನ್ನು ನೋಡಿದರು, ಫೋನನ್ನು ನೋಡಿದರು. "ನಿಮ್ಮ ಮಗಳಾ?" ಎಂದರು ಮೆಲ್ಲಗೆ. ನಾನು ಹೌದೆಂದೆ. ಆಟ ಬೆಂಗಳೂರಿಗೆ ಹೋಯಿತು, ಚಿಕ್ಕ ಫೋನಿನದ್ದು ಅಲ್ಲಿಯ ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾಯಿತು.

ಆ ಬೇಸಗೆಯ ಭಾನುವಾರಗಳಲ್ಲಿ ನಾನು ಕಡಿಮೆ ಕೆಲಸ ಮಾಡಿದೆ, ಹೆಚ್ಚು ನೋಡಿದೆ. ನಿಚ್ಚಿ ಅನ್ನಕ್ಕಿಂತ ಮೊದಲು ಪಲ್ಯ ಮುಗಿಸುತ್ತಾಳೆ. ಸುಳ್ಳು ಹೇಳುವಾಗ ಕಾಲ್ಬೆರಳು ಮಡಚುತ್ತಾಳೆ. ನಾನು ಮಾಡುವ ಶ್ಯಾವಿಗೆ ಪಾಯಸ ಅವಳಿಗೆ ಇಷ್ಟವೇ ಇರಲಿಲ್ಲ. ಎರಡು ಚಮಚ ತಿಂದು ಉಳಿದದ್ದನ್ನು ಅವ್ವನ ಲೋಟಕ್ಕೆ ಬಗ್ಗಿಸುತ್ತಿದ್ದಳು. ಇದನ್ನೆಲ್ಲ ತಿಳಿದಷ್ಟೂ ನನಗೆ ಭಾನುವಾರ ಸಂಜೆಗಳು ಕಷ್ಟವಾದವು. ಮೊದಲು ನನಗೆ ಬೇಕಾಗಿದ್ದದ್ದು ಮಗಳು. ಈಗ ಬೇಕಾದದ್ದು ಈ ನಿಚ್ಚಿ. ಬಸ್ಸಿನ ಕಿಟಕಿಯ ಪಕ್ಕ ಕೂತು ಹಿನಕಲ್ ದಾಟುವಷ್ಟರಲ್ಲಿ ಅವಳು ಈಗೇನು ಮಾಡುತ್ತಿರಬಹುದು ಅಂತ ಯೋಚಿಸಲು ಶುರುಮಾಡುತ್ತಿದ್ದೆ.

ಮೇ ತಿಂಗಳ ಮಧ್ಯದಲ್ಲಿ, ನಾನು ಕೇಳಿರದಿದ್ದಾಗ, ಅವಳು ಹೇಳಿದಳು. ಪಡಸಾಲೆಯಲ್ಲಿ ನನ್ನ ತೊಡೆಯ ಮೇಲೆ ಕಾಲು ಹಾಕಿ ಮಲಗಿ ಫೋನಿನ ಆಟ ಆಡುತ್ತಿದ್ದವಳು, ತಲೆಯೆತ್ತದೆ,

"ಅಮ್ಮ, ನಾನು ಬರ್ತೀನಿ ನಿಮ್ಮನೆಗೆ," ಎಂದಳು.

ನಾಲ್ಕು ತಿಂಗಳು ಕಾದ ಮಾತು. ಹೊಸ್ತಿಲ ಹತ್ತಿರ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವ್ವನ ಕೈ ನಿಂತಿತು. ಕರಾರು ಅವಳದ್ದೇ.

"ನಿಜವಾಗ್ಲೂ?"

"ಹ್ಞೂಂ."

ಹಾಗೆ ಅಂದವಳ ಮುಖ ಹೊಸ್ತಿಲ ಕಡೆ ತಿರುಗಿತು. ಅರೆಗಳಿಗೆ ಮಾತ್ರ. ತೊಡೆಯ ಮೇಲಿದ್ದ ಪುಟ್ಟ ಕಾಲುಗಳ ಬೆರಳು ಮಡಚಿಕೊಂಡಿದ್ದವು.

"ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲ." ಫೋನಿನಲ್ಲಿ ಕಾಯಿಗಳು ಒಂದರ ಮೇಲೊಂದು ನೆಲಕ್ಕೆ ಬೀಳುತ್ತಿದ್ದವು, ಅವಳು ಹಿಡಿಯಲೇ ಇಲ್ಲ. "ನೀನು ಬಸ್ ಹತ್ತೋವಾಗ ಅಳ್ತೀಯಲ್ಲ. ಹುಚ್ಚಯ್ಯ ಮಾಮ ನೋಡಿದ್ನಂತೆ."

ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಆ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಆ ಮಾತನ್ನು ಹಿಡಿದುಕೊಂಡು, ಆಣೆ ಇಟ್ಟ ಹಾಗೆ ಹಿಡಿದುಕೊಂಡು, ಅವಳನ್ನು ಕರೆದೊಯ್ಯಬಹುದಿತ್ತು. ಅಳದೆಯೇ ಬಸ್ ಹತ್ತುತ್ತಿದ್ದಳು, ನನಗೋಸ್ಕರ ಅಳದೆ. ಅವ್ವನ ಕರಾರು ಪೂರ್ತಿಯಾಗುತ್ತಿತ್ತು.

"ನೀನು ಬರೋದು ಬೇಡ," ಎಂದೆ. "ನಾನೇ ಬಂದ್ಬುಡ್ತೀನಿ."

"ಎಲ್ಲಿಗೆ?"

"ಇಲ್ಲಿಗೆ."

ಹಾಗಂದ ಮೇಲೆಯೇ ಅದು ಆಗುವ ಮಾತಾ ಎಂದು ಯೋಚಿಸಲು ಶುರುಮಾಡಿದ್ದು.

ಇನ್ನು ಇಲವಾಲದಿಂದಲೇ ಓಡಾಡುತ್ತೇನೆ ಅಂದಾಗ ಬಿಂದುಮಾಧವ ಅವರು ಕ್ಯಾಲೆಂಡರ್ ನೋಡಿದರು, ಗಡಿಯಾರ ನೋಡಿದರು. "ಸಂಜೆ ಏಳಕ್ಕೆ ಬಿಡ್ತೀನಿ. ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕುರ್ಚಿ ಖಾಲಿ ಇರಬಾರದು. ಬಸ್ ಕೆಟ್ಟಿತ್ತು, ಟೈರ್ ಪಂಕ್ಚರ್, ಇಂಥ ಕಥೆ ತರಬೇಡಿ."

ಅಮರೇಶ್ ಮೊದಲು ನಂಬಲಿಲ್ಲ. "ಅವ್ಳೇ ಬರ್ತೀನಿ ಅಂದ್ಮೇಲೆ ನೀನ್ಯಾಕೆ ಹೋಗೋದು? ನಂಗೆ ಅಡುಗೆ ಯಾರು, ಟೀವಿ ಮಾಡುತ್ತಾ?"

"ನಿಮಗೆ ಅನ್ನ ಇಡೋಕೆ ಬರುತ್ತಲ್ಲ."

"ಸಾರು?"

"ಅವ್ವನ ಕೈಲಿ ಪುಡಿ ಮಾಡಿಸಿ ಕಳಿಸ್ತೀನಿ ಕಣ್ರೀ. ರಜೆ ದಿನ ಗಾಡಿ ಹತ್ತಿ ಬನ್ನಿ."

"ಐದು ವರ್ಷ ಅವ್ಳಿಲ್ಲದೆ ಇದ್ವಿ. ಈಗ ನೀನೂ ಇಲ್ದೆ ಇರೋದು ಕಲೀಬೇಕು," ಎಂದು ಗಾಡಿಯ ಬೀಗದ ಕೈ ತಿರುಗಿಸುತ್ತಾ ಹೊರಟರು. ಶಾಲೆಯವರಿಗೆ ಸೀಟು ಬೇಡವೆಂದು ಹೇಳಿ ಬಂದೆ. ನಿಚ್ಚಿಯನ್ನು ಇಲವಾಲದ ಶಾಲೆಗೇ ಸೇರಿಸಿದೆವು.

ನಾನು ಅಂದುಕೊಂಡಷ್ಟು ಸಿಗಲಿಲ್ಲ ಅವಳು. ಬಸ್ ಸ್ಟ್ಯಾಂಡಿನಲ್ಲಿ ಇಲವಾಲದ ಮೇಲೆ ಹೋಗುವ ಹುಣಸೂರಿನ ಬಸ್ಸಿಗೆ ಕಾದು, ನಿಂತುಕೊಂಡೇ ಬಂದು, ಮನೆ ಮುಟ್ಟುವಷ್ಟರಲ್ಲಿ ಎಷ್ಟೋ ದಿನ ಅವಳು ಅವ್ವನ ಸೊಂಟದ ಮೇಲೆ ಕೈ ಹಾಕಿ ಮಲಗಿಬಿಟ್ಟಿರುತ್ತಿದ್ದಳು. "ಎಬ್ಬಿಸಬ್ಯಾಡ, ಈಗ ನಿದ್ದೆ ಹತ್ತದೆ," ಎನ್ನುತ್ತಿದ್ದಳು ಅವ್ವ ಪಿಸುದನಿಯಲ್ಲಿ. ನಾನು ತಟ್ಟೆ ಹಾಕಿಕೊಂಡು ಅವರ ಪಕ್ಕದಲ್ಲೇ ಕೂತು, ಸದ್ದು ಮಾಡದೆ ಉಣ್ಣುತ್ತಿದ್ದೆ.

ನನ್ನ ಪಾಲಿಗೆ ಬಂದದ್ದು ಬೆಳಗು. ಬಸ್ಸಿಗೆ ಮುಂಚಿನ ಸ್ವಲ್ಪ ಹೊತ್ತು. ಜಡೆ ಹಾಕುವ ಕೆಲಸ ನಾನು ಕೇಳಿ ತೆಗೆದುಕೊಂಡೆ. ಶಾಲೆ ಶುರುವಾದ ದಿನ ಅವಳನ್ನು ಬಾಗಿಲಲ್ಲಿ ಬೆಳಕಿಗೆ ಕೂರಿಸಿಕೊಂಡು ಬೈತಲೆ ತೆಗೆದೆ. ಸೊಟ್ಟಗೆ ಬಂತು. ಅಳಿಸಿ ಮತ್ತೆ ತೆಗೆದೆ.

"ಅಮ್ಮ, ನೋಯ್ತದೆ! ಅವ್ವ ಇಷ್ಟು ಎಳೆಯಲ್ಲ."

"ಅಲ್ಲಾಡಬೇಡ, ಅಲ್ಲಾಡಿದ್ರೆ ಇನ್ನೂ ಸೊಟ್ಟ ಆಗುತ್ತೆ."

"ನಾನೇನು ಅಲ್ಲಾಡ್ತಿಲ್ಲ. ನಿನ್ ಕೈಯೇ ಅಲ್ಲಾಡ್ತಿರೋದು."

ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕಿವಿಯ ಹಿಂದೆ ಆಯಿತು. ಅವ್ವ ಒಳಗಿನಿಂದ ಬಂದು ನೋಡಿ, ತಡೆಯಲಾರದೆ ಬಾಚಣಿಗೆಗೆ ಕೈ ಚಾಚಿದಳು. "ಕೊಡಿಲ್ಲಿ, ಒಂದ್ ಗಳಿಗೆ ಸರಿಮಾಡ್ಬುಡ್ತೀನಿ. ಐಕಳು ನಗಾಡ್ತವೆ."

ನಾನು ಬಾಚಣಿಗೆ ಕೊಡಲು ಹೊರಟೆ. ನಿಚ್ಚಿ ಆಗಲೇ ಎದ್ದು ಚೀಲ ಹೆಗಲಿಗೇರಿಸಿದ್ದಳು.

"ಇರ್ಲಿ ಬುಡವ್ವ. ಟೈಮಾಯ್ತು," ಎಂದು ಮೆಟ್ಟಿಲಿಳಿದಳು.

ನನ್ನ ಬಸ್ಸಿಗೂ ಹೊತ್ತಾಗಿತ್ತು. ಬಾಚಣಿಗೆಯನ್ನು ಅವ್ವನ ಕೈಗಿಟ್ಟು, ಚಪ್ಪಲಿ ಮೆಟ್ಟಿ, ಶಾಲೆಯ ತಿರುವಿನವರೆಗೆ ಅವಳ ಹಿಂದೆ ಬೇಗ ಬೇಗ ನಡೆದೆ.